ಬಸ್ಸಿನ ಹಳದಿ, ಆಸ್ಪತ್ರೆ ಕೆಂಪು

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ಲೀಡ್ಸಿನಿಂದ ನೀನು ಕಳಿಸಿದ ಫೋಟೊ ನೋಡಿದೆ. ಮೊನ್ನೆಯವರೆಗೆ ಕೆಂಪಗೆ ಅರಳಿ ನಿಂತಿದ್ದ ಡೇರೆ (ಡೇಲಿಯಾ) ಗಿಡ ಒಂದೇ ರಾತ್ರಿಯ ಹಿಮಕ್ಕೆ ಕರ್ರಗಾಗಿ ಜೋತುಬಿದ್ದಿದೆ. ‘ಸತ್ತೇಹೋಯ್ತಾ ಮಾರಾಯಾ?’ ಅಂತ ಕೇಳಿದ್ದೀಯ. ಸತ್ತಿಲ್ಲ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಒಡೆದಿವೆ, ಹಾಗಾಗಿ ಮೇಲಿನದು ಹೋಗಿದೆ. ಮಣ್ಣಿನಡಿಯ ಗಡ್ಡೆಗೆ ಇನ್ನೂ ಏನೂ ಆಗಿರಲಿಕ್ಕಿಲ್ಲ. ನೆಲವೇ ಹೆಪ್ಪುಗಟ್ಟುವ ಮೊದಲು ಎತ್ತಿಡು. ಹೇಗೆ ಎತ್ತಬೇಕು ಅನ್ನುವುದನ್ನು ಮುಂದೆ ಬರೆಯುತ್ತೇನೆ. ಅದನ್ನು ನನಗೆ ಹೇಳಿಕೊಟ್ಟದ್ದು ಶಿರಸಿ ಕಡೆಯ ನನ್ನ ಸೋದರತ್ತೆ. ದಸರೆ ಮುಗಿದ ಮೇಲೆ ಅವಳ ಮನೆಗೆ ಹೋಗಿದ್ದೆ. ಆ ತೋಟದ ಕತೆ ಬಿಟ್ಟು ಬರೀ ಗಡ್ಡೆಯ ವಿಷಯ ಬರೆಯಲು ಕೈ ಬರುತ್ತಿಲ್ಲ, ಸ್ವಲ್ಪ ತಾಳಿಕೋ.

ನಮ್ಮಲ್ಲಿ ಶರದೃತು ಅಂತ ಬೇರೆ ಏನಿದೆ, ಮಳೆಗಾಲ ಮುಗಿದರೆ ಚಳಿಗಾಲ ಅಂತ ನೀನೊಮ್ಮೆ ವಾದ ಮಾಡಿದ್ದೆ. ಎಲೆ ಕೆಂಪಾಗುವುದೊಂದೇ ಗುರುತಾದರೆ ನಿನ್ನ ಮಾತು ಸರಿ. ಆದರೆ ಹುಬ್ಬಳ್ಳಿಯಿಂದ ಮುಂಡಗೋಡು ದಾಟಿ ಮಲೆನಾಡಿನ ಒಳಗೆ ಬರುತ್ತಿದ್ದಂತೆ ಗದ್ದೆಗಳಲ್ಲಿ ಭತ್ತಕ್ಕೆ ಹಾಲು ತುಂಬಿತ್ತು. ಭೂಮಿ ಹುಣ್ಣಿಮೆಗೆ ಅಲ್ಲಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತ ಕೂತಿದ್ದರು. ಸಾಗರದವನಾದ ನಿನಗೆ ಇದನ್ನು ನಾನು ಹೇಳಬೇಕಾಗಿಲ್ಲ. ಬಸುರಿ ಪೈರಿಗೆ ಬಯಕೆಯ ಊಟ ಬಡಿಸುವ ಹುಣ್ಣಿಮೆ ಇದು. ಇದಕ್ಕಿಂತ ಒಳ್ಳೆಯ ಶರದೃತು ಯಾವ ದೇಶದಲ್ಲಿದೆ ಹೇಳು.

ಅತ್ತೆಯ ಮನೆ ರಸ್ತೆಯಿಂದ ಕೆಳಗಿಳಿದು, ಅಡಿಕೆ ತೋಟದ ತಲೆಯ ಮೇಲೆ ಇದೆ. ದಣಪೆ ದಾಟುವಾಗಲೇ ಬೇಲಿಯ ಮೇಲೆ ಹಿಂಡ್ಲಕಾಯಿ ಬಳ್ಳಿ ಕಂಡಿತು. ದೀಪಾವಳಿ ಹತ್ತಿರ ಬಂತು ಅನ್ನುವುದಕ್ಕೆ ಬೇರೆ ಕ್ಯಾಲೆಂಡರ್ ಬೇಡ. ಬೇಲಿಗುಂಟ ಗೌರಿ ಹೂವಿನ ಬಳ್ಳಿ ಒಣಗಿ, ಕಾಯಿ ಬಿರಿದು, ಕಿತ್ತಳೆಗೆಂಪು ಬೀಜ ತೋರಿಸುತ್ತಿತ್ತು. ಅದರ ಗಡ್ಡೆ, ಬೀಜ ಎರಡೂ ವಿಷ. ಕೀಲು ನೋವಿನ ಗೌಟ್ ಕಾಯಿಲೆಗೆ ಕೊಡುವ ಕೋಲ್ಚಿಸಿನ್ ಎಂಬ ಔಷಧ ಇರುವುದೂ ಅದರಲ್ಲೇ. ಮೊಮ್ಮಕ್ಕಳು ಬಂದಾಗ ಅತ್ತೆ ಮೊದಲು ಹೇಳಿಕೊಡುವ ಪಾಠ ಈ ಬೀಜ ಮುಟ್ಟಬಾರದು ಅನ್ನುವುದು. ಎರಡನೆಯ ಪಾಠ ಕರ್ಣಕುಂಡಲದ ಕಾಯಿ ಮುಟ್ಟಿ ಸಿಡಿಸುವುದು. ನಾನೂ ನಾಲ್ಕೈದು ಸಿಡಿಸಿದೆ, ವಯಸ್ಸಿನ ಹಂಗಿಲ್ಲದೆ.

‘ಬಾ ತಮಾ, ಆಸ್ರಿಗೆ ಎಂತ ಬೇಕು?’ ಅಂದಳು. ಮುರುಗಲು ಪಾನಕ ಬಂತು. ಲೋಟ ಕೆಳಗಿಡುವ ಮೊದಲೇ ಅಂಗಳಕ್ಕೆ ಕರೆದುಕೊಂಡು ಹೋದಳು, ಯಾಕೆಂದರೆ ಅಲ್ಲಿ ಜಗಳವೊಂದು ನಡೆದಿತ್ತು. ಅಡಿಕೆ ಗೊನೆಯ ಕೊಯ್ಲು ಹತ್ತಿರ ಬರುತ್ತಿದೆ. ಚಪ್ಪರ ಹಾಕಬೇಕು, ಅಡಿಕೆ ಹರವಲು ಜಾಗ ಬೇಕು. ಅಂಗಳದ ಮೂರು ಬದಿಯನ್ನೂ ಅತ್ತೆಯ ಡೇರೆ ಗಿಡಗಳು ಹಿಡಿದುಕೊಂಡಿವೆ. ಪೇಂಟಿನ ಡಬ್ಬ, ಎಣ್ಣೆ ಡಬ್ಬ, ತಳ ಒಡೆದ ಬಕೆಟ್, ಸಿಮೆಂಟ್ ಚೀಲ, ಕೈಗೆ ಸಿಕ್ಕಿದ್ದೆಲ್ಲ ಕುಂಡವೇ. ಪ್ರತಿ ಗಿಡಕ್ಕೂ ಅಡಿಕೆ ದಬ್ಬೆ ಸೀಳಿದ ಊರುಗೋಲು, ಅದಕ್ಕೆ ಬಾಳೆ ನಾರಿನ ಕಟ್ಟು. ಹೂವು ಮುಗಿಯಿತಲ್ಲ, ಇನ್ನಾದರೂ ಜಾಗ ಖಾಲಿ ಮಾಡು ಅಂತ ಮಾವ. ಇನ್ನೂ ಎಂಟು ಗಿಡದಲ್ಲಿ ಮೊಗ್ಗಿದೆ ಅಂತ ಅತ್ತೆ. ಪ್ರತಿ ವರ್ಷ ಇದೇ ದಿನಗಳಲ್ಲಿ ಇದೇ ಮಾತು ನಡೆಯುತ್ತದಂತೆ. ಕೊನೆಗೆ ಮಾವನೇ ಬಕೆಟ್ ಎತ್ತಿ ಕೊಟ್ಟಿಗೆಯ ಮಾಡಿನ ಕೆಳಗೆ ಇಡುವುದೂ ವರ್ಷವರ್ಷದ ರೂಢಿಯೇ.

ಅರವತ್ತಕ್ಕೂ ಹೆಚ್ಚು ಬಗೆಯ ಡೇರೆ ಅವಳಲ್ಲಿವೆ. ಒಂದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ನಾನು ಹೋದಾಗ ಹೆಚ್ಚಿನವು ಬಣ್ಣಗೆಟ್ಟು, ಎಲೆ ಹಳದಿಯಾಗಿ, ಮಂಡಿಯೂರಿ ಕೂತಿದ್ದವು. ಪಟ್ಟಣದ ನೆಂಟರು ಫೋಟೊ ತೆಗೆಯಲು ಬರುವುದು ಚೌತಿಯ ಹೊತ್ತಿಗೆ, ತುಂಬಿದ ಅಂಗಳ ನೋಡಲು. ನನ್ನನ್ನು ಕೇಳಿದರೆ ಈ ತೋಟ ನೋಡಲು ಸರಿಯಾದ ಕಾಲ ಆಶ್ವೀಜ ಮುಗಿಯುವ ಈ ಹೊತ್ತು. ಆಗ ಹೂವು ಕಾಣುತ್ತದೆ, ಈಗ ಕೆಲಸ ಕಾಣುತ್ತದೆ.

ಕೆಲಸದಲ್ಲಿ ಮೊದಲನೆಯದು ಹೆಸರು ಬರೆಯುವುದು. ಹೂವಿಲ್ಲದ ಗಡ್ಡೆಗಳೆಲ್ಲ ನೋಡಲು ಒಂದೇ. ಯಾವುದು ಬಿಳಿ, ಯಾವುದು ನೇರಳೆ ಅಂತ ಬ್ರಹ್ಮನಿಗೂ ತಿಳಿಯದು. ಅದಕ್ಕೇ ಕೊನೆಯ ಹೂವು ಬಾಡುವ ಮೊದಲು ಪ್ರತಿಯೊಂದಕ್ಕೂ ಚೀಟಿ ಕಟ್ಟಬೇಕು. ಹಳೆಯ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿದ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಾಳೆ. ಮಾರ್ಕರ್ ಪೆನ್ನು ಒಂದು ಬೇಸಿಗೆಗೆ ಮಾಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ‘ಬರೀದೇ ಇದ್ರೆ ನೆನಪಿರ್ತಿಲ್ಲೆ ತಮಾ’ ಅಂದಳು. ಅವಳಿಗೆ ನೆನಪಿಲ್ಲದ್ದು ಯಾವುದೂ ಇಲ್ಲ ಅನ್ನುವುದು ಬೇರೆ ಮಾತು.

ಆ ಚೀಟಿಗಳನ್ನು ನೀನು ಓದಬೇಕಿತ್ತು. ‘ಯಲ್ಲಾಪುರ ಅಕ್ಕನ ಬಿಳಿ.’ ‘ಮದುವೆಮನೆ ನೇರಳೆ.’ ‘ಆಸ್ಪತ್ರೆ ಕೆಂಪು’, ಮಾವನ ಕಣ್ಣಿನ ಆಪರೇಷನ್ ಸಮಯದಲ್ಲಿ ಪಕ್ಕದ ಮಂಚದ ಹೆಂಗಸು ಊರಿನಿಂದ ತರಿಸಿಕೊಟ್ಟದ್ದು. ‘ಬಸ್ಸಿನ ಹಳದಿ’ಯ ಕತೆ ಎಲ್ಲಕ್ಕಿಂತ ಚೆಂದ. ಸಿದ್ದಾಪುರದ ಬಸ್ಸಿನಲ್ಲಿ ಮುಂದಿನ ಸೀಟಿನವಳು ಮುಡಿದಿದ್ದ ಹೂವು ನೋಡಿ ಅತ್ತೆ ಮಾತಿಗೆ ಶುರುಮಾಡಿದಳಂತೆ. ಇಬ್ಬರೂ ಇಳಿಯುವಷ್ಟರಲ್ಲಿ ಅವಳ ಮನೆ ಗೊತ್ತಾಯಿತು, ತವರು ಗೊತ್ತಾಯಿತು, ಮುಂದಿನ ಮಳೆಗಾಲಕ್ಕೆ ಗಡ್ಡೆಯೂ ಬಂತು. ಬದಲಿಗೆ ಇಲ್ಲಿಂದ ಬಿಗೋನಿಯದ ಎಲೆ ಹೋಯಿತು. ನಿಮ್ಮ ದೇಶದಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಜಗತ್ತಿನ ಡೇರೆಗಳ ಹೆಸರಿನ ದಾಖಲೆ ಇಟ್ಟಿದೆ, ಹತ್ತಾರು ಸಾವಿರ ಹೆಸರು ಅದರಲ್ಲಿವೆ. ಅತ್ತೆಯ ಹಳದಿಗೂ ಅಲ್ಲಿ ಯಾವುದೋ ಹೆಸರಿರಬಹುದು. ಇದ್ದರೂ ಅದರಿಂದ ಅವಳಿಗೆ ಆಗಬೇಕಾದ್ದೇನೂ ಇಲ್ಲ.

ಗಡ್ಡೆಯನ್ನೇ ಯಾಕೆ ಕೊಡುಕೊಳ್ಳಬೇಕು, ಬೀಜ ಬಿತ್ತಬಾರದೆ ಅಂತ ನಾನು ಕೇಳಿದೆ. ಬೀಜದಿಂದ ಬಂದದ್ದು ತಾಯಿಯ ಹಾಗಿರುವುದಿಲ್ಲ ಅಂದಳು. ಆ ಮಾತಿನ ಹಿಂದೆ ದೊಡ್ಡ ವಿಜ್ಞಾನವಿದೆ. ಸಾಮಾನ್ಯವಾಗಿ ಗಿಡದ ಜೀವಕೋಶದಲ್ಲಿ, ಗುಣಗಳನ್ನು ಹೊತ್ತ ವರ್ಣತಂತುಗಳ ಎರಡು ಕಟ್ಟುಗಳಿರುತ್ತವೆ. ತೋಟದ ಡೇರೆಯಲ್ಲಿ ಅಂಥ ಎಂಟು ಕಟ್ಟು, ಒಟ್ಟು 64 ವರ್ಣತಂತುಗಳು. ಬೀಜ ಕಟ್ಟುವಾಗ ಇವೆಲ್ಲ ಕಲೆಸಿಹೋಗುವುದರಿಂದ ಒಂದೇ ಹೂವಿನ ಹತ್ತು ಬೀಜ ಬಿತ್ತಿದರೆ ಹತ್ತು ಬೇರೆ ಬೇರೆ ಗಿಡಗಳು ಬರುತ್ತವೆ. ಹೊಸ ಬಣ್ಣ ಬೇಕಾದವರಿಗೆ ಅದು ಹಬ್ಬ. ಇದ್ದ ಬಣ್ಣವೇ ಉಳಿಯಬೇಕಾದರೆ ಗಡ್ಡೆ ಪಾಲು ಮಾಡಬೇಕು, ಇಲ್ಲವೇ ಚಿಗುರು ಮುರಿದು ನೆಡಬೇಕು. ಅಂದರೆ ಬಸ್ಸಿನ ಹಳದಿ ಎಷ್ಟು ಮನೆಯಲ್ಲಿದ್ದರೂ ಅವೆಲ್ಲ ಒಂದೇ ಗಿಡದ ತುಂಡುಗಳು. ನಿನ್ನ ಗಿಡವೂ ಅಷ್ಟೇ. ಫೋಟೊದಲ್ಲಿ ಕಂಡ ಕಪ್ಪುಗೆಂಪು ಎಲೆ, ಕಡುಗೆಂಪು ಹೂವು, ಚೀಟಿಯಲ್ಲಿ ‘ಬಿಷಪ್ ಆಫ್ ಲಾಂಡಾಫ್’ ಅಂತ ಇತ್ತು ಅಂದೆಯಲ್ಲ, ಅದು 1924ರಲ್ಲಿ ವೇಲ್ಸಿನ ಕಾರ್ಡಿಫ್‌ನಲ್ಲಿ ಬೆಳೆದ ತಳಿ. ನೂರು ವರ್ಷದಿಂದ ಯಾರೋ ಎತ್ತಿಡುತ್ತ, ಪಾಲು ಮಾಡುತ್ತ ಬಂದಿದ್ದಾರೆ. ಈ ಚಳಿಗಾಲ ನಿನ್ನ ಪಾಳಿ.

ಈಗ ನಾನು ಅಲ್ಲಿ ಕೇಳಿದ ಮುಖ್ಯ ಸಂಗತಿಗೆ ಬರುತ್ತೇನೆ. 2019ರ ಆಗಸ್ಟ್ ಮಳೆ ನಿನಗೆ ನೆನಪಿರಬೇಕು. ಆಗ ಅತ್ತೆಯ ಅಂಗಳದಲ್ಲಿ ವಾರಗಟ್ಟಲೆ ನೀರು ಇಂಗಲಿಲ್ಲ. ಡಬ್ಬಗಳು ತೂತಿದ್ದರೂ ತುಂಬಿ ನಿಂತವು, ಗಡ್ಡೆ ಕೊಳೆತು ನಾರಿದವು. ಅರ್ಧಕ್ಕರ್ಧ ಹೋಯಿತು, ಬಸ್ಸಿನ ಹಳದಿಯೂ ಹೋಯಿತು. ಕೆಲವು ಬಗೆ ಅವಳೊಬ್ಬಳಲ್ಲೇ ಇದ್ದವು. ಚೆಂದ ಅಂತ ಯಾರಿಗೂ ಕೊಡದೆ ಇಟ್ಟುಕೊಂಡಿದ್ದವು. ಅವು ಮತ್ತೆ ಬರಲೇ ಇಲ್ಲ. ಕೇಳಿದವರಿಗೆಲ್ಲ ಕೊಟ್ಟು ‘ಎಲ್ಲರ ಮನೇಲೂ ಇದ್ದು’ ಅಂತ ಅಸಡ್ಡೆ ಮಾಡಿದ್ದವು ಮುಂದಿನ ಮೇ ತಿಂಗಳಲ್ಲಿ ಒಂದೊಂದಾಗಿ ವಾಪಸು ಬಂದವು. ಬಸ್ಸಿನ ಹಳದಿ ಬಂದದ್ದು ಹೊನ್ನಾವರ ಕಡೆಗೆ ಮದುವೆಯಾಗಿ ಹೋದ ಪಕ್ಕದ ಮನೆ ಹುಡುಗಿಯಿಂದ. ಅವಳ ಮನೆಯಲ್ಲಿ ಅದರ ಹೆಸರು ‘ಶಿರಸಿ ಹಳದಿ’. ಅತ್ತೆ ಹಳೆಯ ಚೀಟಿಯನ್ನೇ ಕಟ್ಟಿದಳು.

ಆಮೇಲಿಂದ ಅವಳದೊಂದು ಕಟ್ಟುನಿಟ್ಟು: ಮನೆಯಲ್ಲಿ ಒಂದೇ ಗಿಡ ಇರುವ ಬಗೆ ಇರಕೂಡದು. ಹೊಸದು ಬಂದ ಮೊದಲ ವರ್ಷವೇ ಕುಡಿ ಮುರಿದು ಮರಳಿನಲ್ಲಿ ಬೇರು ಬರಿಸಿ ಎರಡು ಮನೆಗಾದರೂ ದಾಟಿಸಬೇಕು, ಒಂದು ಮನೆ ಘಟ್ಟದ ಮೇಲೆ, ಒಂದು ಬೇರೆ ದಿಕ್ಕಿನಲ್ಲಿ. ಜೀನ್ ಬ್ಯಾಂಕ್ ಅಂತ ಕೋಟಿಗಟ್ಟಲೆ ಖರ್ಚು ಮಾಡಿ ವಿಜ್ಞಾನಿಗಳು ಮಾಡುವ ಕೆಲಸವನ್ನು ಇವಳು ತರಕಾರಿ ಚೀಲದಲ್ಲಿ ಮಾಡುತ್ತಿದ್ದಾಳೆ.

ಕೊಡುವುದೆಲ್ಲ ಒಳ್ಳೆಯದೇ ಅಂತ ತಿಳಿಯಬೇಡ. ಒಮ್ಮೆ ಹಾಗೆ ವಾಪಸು ಬಂದ ಗಿಡವೊಂದರ ಎಲೆಯಲ್ಲಿ ನರಗಳಗುಂಟ ಹಳದಿ ಮಚ್ಚೆ ಕಾಣಿಸಿತಂತೆ, ಗಿಡವೂ ಮುರುಟಿಕೊಂಡಿತ್ತಂತೆ. ಡೇರೆಗೆ ಬರುವ ಮೊಸಾಯಿಕ್ ವೈರಸ್ ಅದು. ರಸ ಹೀರುವ ಹೇನುಗಳು ಗಿಡದಿಂದ ಗಿಡಕ್ಕೆ ಹರಡುತ್ತವೆ, ಗಡ್ಡೆಯೊಳಗೂ ಕೂತಿರುತ್ತದೆ, ಯಾವ ಔಷಧವೂ ಇಲ್ಲ. ಗಿಡದ ತುಂಡು ಹೋದಲ್ಲಿಗೆಲ್ಲ ಕಾಯಿಲೆಯೂ ಹೋಗುತ್ತದೆ. ಅತ್ತೆ ಆ ಗಿಡವನ್ನು ಬಚ್ಚಲ ಒಲೆಗೆ ಹಾಕಿದಳು, ಕೊಟ್ಟವರಿಗೆ ಫೋನ್ ಮಾಡಿ ಅವರ ಹತ್ತಿರವೂ ಸುಡಿಸಿದಳು. ಆ ಮನೆಯವರು ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಈಗ ಸರಿಹೋಗಿದೆ, ‘ಅಡ್ಡಿಲ್ಲೆ’ ಅಂದಳು.

ನಿನಗೊಂದು ಸ್ವಾರಸ್ಯದ ವಿಷಯ ಹೇಳಬೇಕು. ಡೇರೆ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಮೆಕ್ಸಿಕೋದ ಎತ್ತರದ ನಾಡಿನದು. 1789ರಲ್ಲಿ ಬೀಜ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಹೋಯಿತು, 1791ರಲ್ಲಿ ಕವನಿಯೆಸ್ ಎಂಬ ಸಸ್ಯವಿಜ್ಞಾನಿ ಅದನ್ನು ವರ್ಣಿಸಿ ಹೆಸರಿಟ್ಟ. 1963ರಿಂದ ಅದು ಮೆಕ್ಸಿಕೋದ ರಾಷ್ಟ್ರೀಯ ಹೂವು. ಆ ನಾಡಿನಲ್ಲಿ ಮೇ ಕೊನೆ, ಜೂನ್ ಹೊತ್ತಿಗೆ ಮಳೆ ಹಿಡಿದು ಅಕ್ಟೋಬರ್ ಹೊತ್ತಿಗೆ ಬಿಡುತ್ತದೆ, ಆಮೇಲೆ ಒಣ ಚಳಿ. ಮಳೆಯಲ್ಲಿ ಬೆಳೆದು, ಒಣಗಾಲದಲ್ಲಿ ಗಡ್ಡೆಯಾಗಿ ಮಲಗುವುದು ಗಿಡದ ಜಾಯಮಾನ. ಈಗ ಶಿರಸಿಯ ಪಂಚಾಂಗ ತೆಗೆದು ನೋಡು! ಅತ್ತೆ ಏನೂ ಮಾಡಬೇಕಾಗಿಲ್ಲ, ಗಿಡ ತಾನಾಗಿಯೇ ಅವಳ ವೇಳೆಗೆ ಏಳುತ್ತದೆ, ಮಲಗುತ್ತದೆ. ಹಗಲು 12 ಗಂಟೆಗಿಂತ ಕಡಿಮೆಯಾದರೆ ಡೇರೆ ಹೂವಿನ ಗೊಡವೆ ಬಿಟ್ಟು ಗಡ್ಡೆ ದಪ್ಪ ಮಾಡಲು ತೊಡಗುತ್ತದೆ. ಸೆಪ್ಟೆಂಬರ್ ಕೊನೆಗೆ ನಮ್ಮಲ್ಲೂ ನಿಮ್ಮಲ್ಲೂ ಆ ಗಡಿ ದಾಟುತ್ತದೆ. ಇಲ್ಲಿ ಗಿಡಕ್ಕೆ ಮಲಗಲು ಪುರುಸೊತ್ತು ಸಿಗುತ್ತದೆ. ಅಲ್ಲಿ ಮಲಗುವ ಮೊದಲೇ ಹಿಮ ಬಂದು ಹೊಡೆಯುತ್ತದೆ. ನೆಡುವುದು ಮಾತ್ರ ಇಬ್ಬರೂ ಒಂದೇ ತಿಂಗಳಲ್ಲಿ, ಮೇ. ನೀನು ಕೊನೆಯ ಹಿಮ ಕಳೆಯಲಿ ಅಂತ ಕಾಯುತ್ತೀಯ, ಅತ್ತೆ ಮೊದಲ ಮಳೆ ಬೀಳಲಿ ಅಂತ.

ಡೇರೆ ಒಂದೇ ಅಂದುಕೊಳ್ಳಬೇಡ. ಸೇವಂತಿಗೆ ಮೊಗ್ಗು ಕಟ್ಟಿತ್ತು, ಗೋರಟೆ ಅರಳಲು ಶುರುವಾಗಿತ್ತು, ಪಾರಿಜಾತದ ಕೆಳಗೆ ಅತ್ತೆ ಅಡಿಕೆ ಹಾಳೆ ಹಾಸಿಟ್ಟಿದ್ದಳು, ದೇವರ ಹೂವಿಗೆ ಮಣ್ಣು ಹತ್ತದಿರಲಿ ಅಂತ. ಹಲಸಿನ ಮರದ ಮೈಮೇಲೆ ಸೀತಾಳೆ ದಂಡೆ ಬರೀ ಎಲೆಯಾಗಿತ್ತು. ಇವನ್ನೆಲ್ಲ ಬೇಗ ದಾಟಿ ಬಂದೆವು. ನಿಂತದ್ದು ಈಶ್ವರಿ ಬಳ್ಳಿಯ ಹತ್ತಿರ. ಹಾವಿನ ವಿಷಕ್ಕೆ ಮದ್ದು ಅಂತ ಹಿಂದಿನವರು ನೆಟ್ಟ ಬಳ್ಳಿ. ಮದ್ದಿನ ಮಾತು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನೇ ಕೆಡಿಸುತ್ತದೆ ಅಂತ ಅತ್ತೆಗೂ ಹೇಳಿದೆ. ಅವಳು ಬಳ್ಳಿಯನ್ನು ಸಾಕಿರುವುದು ಬೇರೆ ಕಾರಣಕ್ಕೆ. ಎಲೆಯ ಅಡಿ ತಿರುಗಿಸಿ ತೋರಿಸಿದಳು: ಮೈತುಂಬ ಮೆತ್ತನೆಯ ಮುಳ್ಳಿನ ದಪ್ಪ ಹುಳು. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್‌ನ ಮರಿ ಅದು, ದಕ್ಷಿಣ ಭಾರತದ ಚಿಟ್ಟೆಗಳಲ್ಲೇ ದೊಡ್ಡದು. ಆ ಬಳ್ಳಿಯ ವಿಷವನ್ನೇ ತಿಂದು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಡೇರೆಯ ಎಲೆ ತಿಂದ ಶಂಖದ ಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಬಕೆಟ್ಟಿಗೆ ಹಾಕುವ ಅತ್ತೆ ಇದನ್ನು ಮಾತ್ರ ತಿನ್ನಲು ಬಿಟ್ಟಿದ್ದಾಳೆ. ಬಳ್ಳಿ ಬೋಳಾಗಿದೆ.

ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ. ಆಮೇಲೆ ಮಾವ ಮಲಗಿದ, ನಾವು ಗಡ್ಡೆ ಎತ್ತಲು ಕೂತೆವು. ನಿನಗೆ ಬೇಕಾದ್ದು ಇದು, ಗಮನವಿಟ್ಟು ಓದು. ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸು. ಬುಡದಿಂದ ಒಂದಡಿ ದೂರಕ್ಕೆ ಸಲಿಕೆ ಹಾಕಿ ಮೆಲ್ಲಗೆ ಮೀಟು. ಕಾಂಡ ಹಿಡಿದು ಜಗ್ಗಬೇಡ, ಕುತ್ತಿಗೆ ಮುರಿಯುತ್ತದೆ. ಮುಂದಿನ ಚಿಗುರಿನ ಕಣ್ಣು ಇರುವುದು ಗಡ್ಡೆಯ ಮೈಮೇಲಲ್ಲ, ಗಡ್ಡೆ ಕಾಂಡಕ್ಕೆ ಸೇರುವ ಆ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಕುರುಡು, ಅದರಿಂದ ಗಿಡ ಬರುವುದಿಲ್ಲ. ಕಾಂಡ ಪೊಳ್ಳು, ಒಳಗೆ ನೀರಿರುತ್ತದೆ, ಅದಕ್ಕೇ ಕೆಲವು ದಿನ ತಲೆಕೆಳಗಾಗಿ ಇಡು. ಅತ್ತೆ ನೆರಳಲ್ಲಿ ಆರಿಸಿ ಬೂದಿ ಬೆರೆಸಿದ ಒಣಮಣ್ಣಿನಲ್ಲಿ ಹೂತು ಅಟ್ಟದ ಮೇಲೆ ಇಡುತ್ತಾಳೆ, ಇಲಿ ಬರದ ಹಾಗೆ ಮೇಲೊಂದು ಕಬ್ಬಿಣದ ಬಾಣಲೆ ಮುಚ್ಚಿ. ನಿನಗೆ ಒಣ ಮರಳು, ರಟ್ಟಿನ ಪೆಟ್ಟಿಗೆ, ಹಿಮ ನುಗ್ಗದ ಮೂಲೆ ಸಾಕು. ಹೀಟರಿನ ಹತ್ತಿರ ಬೇಡ, ಸುರುಟಿಹೋಗುತ್ತದೆ. ತಿಂಗಳಿಗೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ತೆಗೆದುಹಾಕು.

ನಿನ್ನ ಗಿಡದ ಫೋಟೊವನ್ನು ಅತ್ತೆಗೆ ಕಳಿಸಿದೆ. ಎಷ್ಟು ಹೊತ್ತು ನೋಡಿದಳೋ, ಆಮೇಲೆ ಫೋನ್ ಮಾಡಿ, ಅಲ್ಲಿಯವರು ಗಡ್ಡೆಯನ್ನು ಒಬ್ಬರಿಗೊಬ್ಬರು ಕೊಡುತ್ತಾರಾ ಅಥವಾ ಎಲ್ಲ ಅಂಗಡಿಯಲ್ಲೇ ಕೊಳ್ಳಬೇಕಾ ಅಂತ ಕೇಳಿದಳು. ನನಗೇನು ಗೊತ್ತು. ನೀನೇ ವಿಚಾರಿಸಿ ಬರೆ. ಆ ಕಪ್ಪೆಲೆಯ ಕೆಂಪಿನ ಮೇಲೆ ಅವಳಿಗೆ ಮನಸ್ಸಾಗಿದೆ ಅನ್ನುವುದು ಸ್ಪಷ್ಟ, ಆದರೆ ಊರಿಗೆ ಬರುವಾಗ ಚೀಲದಲ್ಲಿ ಅಡಗಿಸಿ ತರುವ ಯೋಚನೆ ಮಾಡಬೇಡ. ನೆಡುವ ಗಿಡ, ಗಡ್ಡೆ ದೇಶದಿಂದ ದೇಶಕ್ಕೆ ಹೋಗಬೇಕಾದರೆ ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಆ ಕಡೆಗೂ ಈ ಕಡೆಗೂ. ಒಲೆಗೆ ಹಾಕಿದ ಗಿಡದ ಕತೆ ಕೇಳಿದ ಮೇಲೆ ಆ ಕಾನೂನು ನನಗೆ ಅತಿರೇಕ ಅನ್ನಿಸುವುದಿಲ್ಲ.

ನಿನ್ನ ಅಮ್ಮನಿಗಂತೂ ಪಾಲು ಬಂದಿದೆ. ನನ್ನ ಗೆಳೆಯನ ಮನೆ ಸಾಗರದಲ್ಲಿ ಅಂದದ್ದೇ ತಡ, ಅದು ತನ್ನ ಗಿಡಗಳು ಇನ್ನೂ ಹೋಗದ ದಿಕ್ಕು ಅಂತ ಅವಳಿಗೆ ಹೊಳೆಯಿತು. ಮೂರು ಗಡ್ಡೆ ಕಟ್ಟಿಕೊಟ್ಟಿದ್ದಾಳೆ: ಬಸ್ಸಿನ ಹಳದಿ, ಯಲ್ಲಾಪುರ ಅಕ್ಕನ ಬಿಳಿ, ಇನ್ನೊಂದು ಈ ವರ್ಷವಷ್ಟೇ ಬಂದ, ಹೆಸರಿಡದ ಗುಲಾಬಿ ಬಣ್ಣದ್ದು. ದೀಪಾವಳಿಗೆ ಸಾಗರಕ್ಕೆ ಹೋಗುವವರ ಕೈಯಲ್ಲಿ ತಲುಪಿಸಿದ್ದೇನೆ. ಅಮ್ಮನಿಗೆ ಫೋನ್ ಮಾಡಿದಾಗ ಹೇಳು: ಮೇ ತನಕ ‘ನೀರು ಹಾಕಡ’ (ಹಾಕಬೇಡ) ಅಂತ ಅತ್ತೆಯ ಅಪ್ಪಣೆ. ಗುಲಾಬಿಯ ಕುಡಿ ಬಂದರೆ ಒಂದನ್ನು ಆಚೆಮನೆಗೆ ಕೊಡಬೇಕಂತೆ. ಚೀಟಿಯ ಮೇಲೆ ಈಗಾಗಲೇ ‘ಸಾಗರದವರದ್ದು’ ಅಂತ ಬರೆದಾಗಿದೆ.

ನಿನ್ನ
ಹುಬ್ಬಳ್ಳಿಯ ಗೆಳೆಯ